ಉಳಿದದ್ದು ಯಂತ್ರಕ್ಕೆ

ಫೆಬ್ರವರಿ 10, ಸೋಮವಾರ

ಊಟದ ಹೊತ್ತಿನಲ್ಲಿ ಕಫದ ಮಾತು ಎತ್ತಬಾರದೆಂದು ಅಕ್ಕ ಇವತ್ತು ಖಡಾಖಂಡಿತವಾಗಿ ಹೇಳಿಬಿಟ್ಟಳು. "ನಿನ್ನ ಕೆಲಸ ನಿನಗೆ ದೊಡ್ಡದು ಕಣೇ. ಆದ್ರೆ ನನ್ನ ತಟ್ಟೆ ಮುಂದೆ ಬೇಡ" ಎಂದಳು. ಆಸ್ತಮಾ ಇರುವವರ ಕಫ ನೋಡುವುದೇ ಇಪ್ಪತ್ತಾರು ವರ್ಷದಿಂದ ನನ್ನ ಕೆಲಸ. ಅದನ್ನು ಬಿಟ್ಟರೆ ಮಾತಾಡಲು ನನ್ನ ಹತ್ತಿರ ಏನಿದೆ? ಅದಕ್ಕೇ ಈ ನೋಟ್‌ಬುಕ್ಕು. ಇದಕ್ಕೆ ವಾಕರಿಕೆ ಬರುವುದಿಲ್ಲ.

ಇವತ್ತಿನ ಸುದ್ದಿ ಏನೆಂದರೆ ನಮ್ಮ ಪ್ರಯೋಗಾಲಯಕ್ಕೆ ಹೊಸ ಯಂತ್ರ ಬಂತು. ಅದರ ಹಿಂದೆಯೇ ಅದನ್ನು ನಡೆಸುವವನೂ ಬಂದ. ನಾನು ಕಫದಲ್ಲಿರುವ ಕೋಶಗಳನ್ನು ಗಾಜಿನ ಸ್ಲೈಡಿನ ಮೇಲೆ ಹರಡಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಎಣಿಸುತ್ತೇನೆ, ನಾನೂರು ಆಗುವವರೆಗೆ. ಆ ಯಂತ್ರ ಕೋಶಗಳ ಮೈಮೇಲಿನ ಗುರುತುಗಳಿಗೆ ಹೊಳೆಯುವ ಬಣ್ಣ ಅಂಟಿಸಿಕೊಂಡು, ಲೇಸರ್ ಬೆಳಕಿನ ಮುಂದೆ ಅವನ್ನು ಸಾಲಾಗಿ ಓಡಿಸಿ, ಒಂದು ನಿಮಿಷದಲ್ಲಿ ಹತ್ತು ಸಾವಿರ ಎಣಿಸುತ್ತದಂತೆ. ಅದರ ಯಜಮಾನನಿಗೆ ನಾನು ಲೇಸರ್ ಪಂಡಿತ ಎಂದು ಹೆಸರಿಟ್ಟಿದ್ದೇನೆ. ತೆಳ್ಳಗಿದ್ದಾನೆ, ಮೆಲ್ಲಗೆ ಮಾತಾಡುತ್ತಾನೆ, ಯಂತ್ರದ ಮೇಲೆ ಧೂಳು ಕೂತರೆ ತನ್ನ ಮೈಮೇಲೆ ಕೂತಂತೆ ಒರೆಸುತ್ತಾನೆ.

ವಿಭಾಗದ ಮುಖ್ಯಸ್ಥೆ ಡಾಕ್ಟರಮ್ಮ ಇಬ್ಬರನ್ನೂ ನಿಲ್ಲಿಸಿಕೊಂಡು ಹೇಳಿದರು: "ನಲವತ್ತು ಜನ ಆಸ್ತಮಾದವರು ನಾಲ್ಕು ವಾರಕ್ಕೊಮ್ಮೆ ಬರ್ತಾರೆ. ಪ್ರತಿ ಸ್ಯಾಂಪಲ್ಲನ್ನೂ ಇಬ್ಬರೂ ಎಣಿಸಿ. ಜೂನ್ ತನಕ ನೋಡೋಣ. ಎರಡು ಲೆಕ್ಕವೂ ಹೊಂದಿದ್ರೆ ಕಣ್ಣಲ್ಲಿ ಎಣಿಸೋದು ನಿಲ್ಲಿಸ್ತೀವಿ." ಆಮೇಲೆ ನಾನೇನು ಮಾಡಬೇಕು ಎಂದು ಕೇಳಿದೆ. ಸ್ಟೋರ್ ರೂಮಿನಲ್ಲಿ ಜಾಗ ಖಾಲಿ ಇದೆಯಂತೆ. ಕೈಗವಸು, ಕೊಳವೆ ಹಂಚುವ ಕೆಲಸ.

ಅಂದರೆ ಲೆಕ್ಕ ಹೊಂದದಿದ್ದರೆ ನಾನು ಉಳಿದೆ. ಯಂತ್ರಕ್ಕೆ ಕಣ್ಣೆಲ್ಲಿದೆ, ಹೊಂದುವುದಕ್ಕೆ?

ಫೆಬ್ರವರಿ 13, ಗುರುವಾರ

ಮೇಲಿನ ಮಹಡಿಯ ನರ್ಸ್ ಐಸ್ ಡಬ್ಬಿಯಲ್ಲಿ ಸ್ಯಾಂಪಲ್ ತಂದುಕೊಟ್ಟರು. ಅಲ್ಲಿ ಬಂದವರಿಗೆ ಉಪ್ಪುನೀರಿನ ಮಂಜನ್ನು ಉಸಿರಾಡಿಸಿ ಕೆಮ್ಮಿಸುತ್ತಾರೆ. ಕೆಳಗೆ ನಮಗೆ ಬರುವುದು ನಂಬರು ಮಾತ್ರ. ಹೆಸರು ತಿಳಿಯಬಾರದು. ತಿಳಿದರೆ ಕಣ್ಣು ಮನಸ್ಸಿನ ಮಾತು ಕೇಳಲು ಶುರುಮಾಡುತ್ತದೆ.

ಹದಿನೇಳು ಎಂಬ ನಂಬರು ಬಂತು. ಎಂಥ ಸ್ಯಾಂಪಲ್! ಹೆಚ್ಚಿನವರದ್ದು ತೆಳ್ಳಗೆ ಎಂಜಲಿನಂತೆ ಇರುತ್ತದೆ. ಇದು ಗಟ್ಟಿ, ರಬ್ಬರಿನ ಹಾಗೆ ಎಳೆದರೆ ಬರುತ್ತದೆ. ಕಪ್ಪು ತಟ್ಟೆಗೆ ಸುರಿದು, ಗಟ್ಟಿ ತುಣುಕುಗಳನ್ನು ಚಿಮುಟದಿಂದ ಹೆಕ್ಕಿಕೊಂಡೆ. ಉಳಿದದ್ದನ್ನು ಪಂಡಿತನಿಗೆ ಕೊಟ್ಟೆ. ಸ್ಲೈಡು ಮಾಡಿ ನೋಡಿದರೆ ಕೆಂಪು ಕಾಳಿನ ಕೋಶಗಳು ಕಿಕ್ಕಿರಿದಿವೆ. ಪುಸ್ತಕದಲ್ಲಿ ಅವುಗಳಿಗೆ ಇಯೊಸಿನೊಫಿಲ್ ಎಂಬ ನಾಲಿಗೆ ಹೊರಳದ ಹೆಸರಿದೆ. ಹೊಟ್ಟೆ ತುಂಬ ಕೆಂಪು ಕಾಳು ತುಂಬಿಕೊಂಡು ಓಡಾಡುವ ರಕ್ಷಣಾ ಕೋಶಗಳು. ಹುಳು ಹುಪ್ಪಟೆ ಬಂದರೆ ಕೊಲ್ಲಲಿಕ್ಕೆ ಇರುವವು, ಆಸ್ತಮಾ ಇರುವವರಲ್ಲಿ ಶತ್ರುವೇ ಇಲ್ಲದ ಶ್ವಾಸನಾಳದಲ್ಲಿ ಗುಂಪು ಸೇರಿ ಆ ಕಾಳುಗಳನ್ನು ಚೆಲ್ಲುತ್ತವೆ. ನಾಳ ಊದಿಕೊಳ್ಳುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ.

ನೂರಕ್ಕೆ ಹನ್ನೊಂದು. ಆರೋಗ್ಯವಂತರಲ್ಲಿ ಎರಡು ದಾಟುವುದಿಲ್ಲ.

ಫೆಬ್ರವರಿ 17, ಸೋಮವಾರ

ಫಲಿತಾಂಶ ಹಲಗೆಯ ಮೇಲೆ ಹತ್ತಿತು. ಹದಿನೇಳು: ನನ್ನದು ಹನ್ನೊಂದು, ಯಂತ್ರದ್ದು ಎರಡು. ನನಗೆ ನಗು ತಡೆಯಲಾಗಲಿಲ್ಲ.

ಡಾಕ್ಟರಮ್ಮ ನಗಲಿಲ್ಲ. ಈ ಅಧ್ಯಯನದ ಉದ್ದೇಶವೇ ಉರಿಯೂತ ಇಲ್ಲದವರಿಗೆ ಸುಮ್ಮನೆ ಔಷಧ ತುಂಬಬಾರದು ಎನ್ನುವುದು. ಯಂತ್ರದ ಅಂಕಿ ಮೂರಕ್ಕಿಂತ ಕಡಿಮೆ ಬಂದರೆ ಉಸಿರಿನಲ್ಲಿ ಎಳೆದುಕೊಳ್ಳುವ ಔಷಧವನ್ನು ಅರ್ಧ ಮಾಡಬೇಕು ಎಂದು ಮೊದಲೇ ಬರೆದು ಸಹಿ ಆಗಿದೆಯಂತೆ. ಹದಿನೇಳಕ್ಕೆ ಅರ್ಧ ಮಾಡಿದರು.

"ಮೇಡಂ, ಕೆಂಪು ಕಾಳಿನವು ತುಂಬಿಕೊಂಡಿವೆ ಅಲ್ಲಿ. ಬೇಕಾದ್ರೆ ಬಂದು ನೋಡಿ" ಎಂದೆ.

"ನೀವು ನೋಡಿದ್ದು ನಾನೂರು, ಅದು ನೋಡಿದ್ದು ಹತ್ತು ಸಾವಿರ" ಎಂದರು ಡಾಕ್ಟರಮ್ಮ.

ಪಂಡಿತ ಬಾಗಿಲ ಹತ್ತಿರ ನಿಂತಿದ್ದ. "ಮೂರು ಸಲ ಓಡಿಸಿ ನೋಡ್ದೆ ಮೇಡಂ. ಎರಡೇ ಬರುತ್ತೆ" ಎಂದ. ಎಷ್ಟು ಸಲ ಓಡಿಸಿದರೇನು, ಕುರುಡ ಮೂರು ಸಲ ತಿರುಗಿ ನೋಡಿದ ಹಾಗೆ. ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಇಲ್ಲಿ ಬರೆದು ಹಗುರಾದೆ.

ಫೆಬ್ರವರಿ 26, ಬುಧವಾರ

ಪಂಡಿತ ತನ್ನ ಯಂತ್ರ ತೋರಿಸಿದ. ನಾನಾಗಿ ಕೇಳಲಿಲ್ಲ, ಹಾದುಹೋಗುವಾಗ ಸ್ವಲ್ಪ ನಿಧಾನ ಮಾಡಿದೆ ಅಷ್ಟೇ.

ಪರದೆಯ ಮೇಲೆ ಸಾಸಿವೆ ಚೆಲ್ಲಿದಂತೆ ಚುಕ್ಕೆಗಳು. ಒಂದೊಂದು ಚುಕ್ಕೆ ಒಂದೊಂದು ಕೋಶ. ಮೇಲಿನ ಗುಂಪಿನ ಮೈಮೇಲೆ ಒಂದು ಬಗೆಯ ಗುರುತಿದೆ, ಕೆಳಗಿನದರ ಮೇಲೆ ಇಲ್ಲ. ಅದೇನು ಗುರುತು ಎಂದೆ. ಕೋಶ ಕೆರಳಿದಾಗ ಅದು ಮೈಮೇಲೆ ಹೆಚ್ಚಾಗುತ್ತದಂತೆ. "ನಿಮ್ಮ ಸೂಕ್ಷ್ಮದರ್ಶಕದಲ್ಲಿ ಎರಡೂ ಒಂದೇ ಥರ ಕಾಣ್ತವೆ ಮೇಡಂ. ಇಲ್ಲಿ ಯಾವುದು ಸುಮ್ನಿದೆ, ಯಾವುದು ಜಗಳಕ್ಕೆ ನಿಂತಿದೆ ಅಂತ ಗೊತ್ತಾಗುತ್ತೆ."

ಮನೆಗೆ ನಡೆದು ಬರುವಾಗಲೂ ಅದೇ ತಲೆಯಲ್ಲಿ. ಇಪ್ಪತ್ತಾರು ವರ್ಷ ಎಷ್ಟು ಲಕ್ಷ ಕೋಶ ಎಣಿಸಿದ್ದೇನೆ! ಅವುಗಳಲ್ಲಿ ಯಾವುದು ಸುಮ್ಮನಿತ್ತು, ಯಾವುದು ಕೆರಳಿತ್ತು ಎಂದು ನನಗೆ ತಿಳಿದೇ ಇರಲಿಲ್ಲ. ನಾನು ಅವನಿಗೆ ಕೇಳಿದ ಪ್ರಶ್ನೆಗಳು ಹನ್ನೊಂದಕ್ಕಿಂತ ಹೆಚ್ಚಿರಲಾರವು. ಅಷ್ಟಕ್ಕೇ ಯಂತ್ರ ಒಳ್ಳೆಯದೆಂದು ನಾನು ಒಪ್ಪಿದ ಹಾಗಲ್ಲ.

ಮಾರ್ಚ್ 13, ಗುರುವಾರ

ನನ್ನ ಹದಿನೇಳು ಮತ್ತೆ ಬಂತು. ಈ ಸಲ ನೂರಕ್ಕೆ ಹದಿನಾರು! ಔಷಧ ಅರ್ಧ ಮಾಡಿದ ಮೇಲೆ ಏರಿದೆ. ಯಂತ್ರ ಇನ್ನೂ ಎರಡು ಎಂದೇ ಹಾಡುತ್ತಿದೆ.

ಇನ್ನೊಂದು ಸಂಗತಿ. ಸ್ಲೈಡಿನಲ್ಲಿ ಎರಡೂ ತುದಿ ಚೂಪಾದ ಹರಳುಗಳು ಸಿಕ್ಕವು, ಸೂಜಿಗಳನ್ನು ಚೆಲ್ಲಿದ ಹಾಗೆ. ಕೆಂಪು ಕಾಳಿನವು ರಾಶಿರಾಶಿಯಾಗಿ ಒಡೆದು ಸತ್ತಲ್ಲಿ ಇವು ಹುಟ್ಟುತ್ತವೆ. ವರ್ಷಕ್ಕೆ ಒಂದೆರಡು ಸಲ ಕಂಡರೆ ಹೆಚ್ಚು. ಪಂಡಿತನನ್ನು ಕರೆದೆ, ಹೊಟ್ಟೆ ಉರಿಸೋಣವೆಂದು. ಅವನು ಕೂತವನು ಇಪ್ಪತ್ತು ನಿಮಿಷ ಏಳಲೇ ಇಲ್ಲ. "ಎಷ್ಟು ಚೆನ್ನಾಗಿದೆ ಮೇಡಂ" ಎಂದ. ಆಮೇಲೆ, "ಹಾಗಾದ್ರೆ ನನ್ನ ಯಂತ್ರಕ್ಕೆ ಯಾಕೆ ಸಿಗ್ತಿಲ್ಲ?" ಎಂದ. ಬೇರೆಯವನಾಗಿದ್ದರೆ ನನ್ನ ಸ್ಲೈಡಿನಲ್ಲೇ ಐಬು ಹುಡುಕುತ್ತಿದ್ದ.

ನಂಬರು ಹದಿನೇಳು, ಮೆಟ್ಟಿಲು ಹತ್ತಿ ಬಂದು, ಹತ್ತು ನಿಮಿಷ ಬೆಂಚಿನ ಮೇಲೆ ಕೂತಿತ್ತು ಎಂದು ನರ್ಸ್ ಹೇಳಿದರು. ಹಲಗೆಯ ಮೇಲೆ ಹದಿನಾರು ಎಂದು ಸ್ವಲ್ಪ ದೊಡ್ಡದಾಗಿಯೇ ಬರೆದೆ.

ಮಾರ್ಚ್ 19, ಬುಧವಾರ

ನಿಯಮ ಮುರಿದು ಊಟದ ಹೊತ್ತಿಗೇ ಹದಿನೇಳರ ಕಥೆ ಹೇಳಿದೆ. ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುವವಳು, ಯಾರದೋ ಕೋಟಿನ ತೋಳು ಬಿಚ್ಚುತ್ತಲೇ ಉಣ್ಣುತ್ತಿದ್ದಳು. ಎಲ್ಲ ಕೇಳಿ, "ಅದಕ್ಕೆ ಯಾಕಿಷ್ಟು ಖುಷಿ?" ಎಂದಳು.

"ನನ್ನ ಕಣ್ಣೇ ಸರಿ ಅಂತ ಆಯ್ತಲ್ಲ."

"ಆ ಮನುಷ್ಯನ ಔಷಧಿ?"

"ಅದು ಡಾಕ್ಟರಮ್ಮನ ಕೆಲಸ. ನಾವು ಹೇಳೋ ಹಾಗಿಲ್ಲ. ಯಾರು ಅಂತಾನೂ ಗೊತ್ತಿಲ್ಲ."

"ಹೂಂ" ಎಂದು ದಾರ ಕಡಿದಳು. ಅಕ್ಕನ "ಹೂಂ" ನನಗೆ ಯಾವತ್ತೂ ಜೀರ್ಣವಾಗುವುದಿಲ್ಲ.

ಮಾರ್ಚ್ 28, ಶುಕ್ರವಾರ

ಕೆಂಪು ಕಾಳಿನವು ಎಲ್ಲಿ ಮಾಯವಾಗುತ್ತಿವೆ? ಈ ವಾರವೆಲ್ಲ ಅದೇ ಗೀಳು. ಡಾಕ್ಟರಮ್ಮ ಹೇಳಿದ್ದಲ್ಲ, ನಾವಿಬ್ಬರೇ ಹಿಡಿದುಕೊಂಡದ್ದು.

ಬಣ್ಣ ಹಳತಾಗಿರಬಹುದು ಎಂದೆ. ಪಂಡಿತರು ಹೊಸ ಸೀಸೆ ತೆರೆದರು. ಅದೇ ಉತ್ತರ. ಸೋಸುವ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತಿರಬಹುದು ಎಂದರು ಅವರು. ಜಾಲರಿ ತೊಳೆದು ಆ ನೀರನ್ನೇ ಸ್ಲೈಡು ಮಾಡಿ ನೋಡಿದೆ, ಖಾಲಿ. ಯಂತ್ರದ ಕೊಳವೆಯೊಳಗೆ ಒಡೆಯುತ್ತಿರಬಹುದು ಎಂದುಕೊಂಡು ರಕ್ತದಲ್ಲಿರುವ ಕೆಂಪು ಕಾಳಿನವನ್ನು ಓಡಿಸಿದೆವು. ಒಂದೂ ಒಡೆಯಲಿಲ್ಲ, ಎಣಿಕೆಯೂ ಸರಿಬಂತು. ಮಧ್ಯಾಹ್ನ ಇಬ್ಬರೂ ತಲೆ ಕೆರೆದುಕೊಂಡು ಕೂತೆವು. ಪಂಡಿತರು ಮನೆಯಿಂದ ತಂದಿದ್ದ ಕಿತ್ತಳೆಯಲ್ಲಿ ಅರ್ಧ ಕೊಟ್ಟರು. ಸುಲಿಯುವುದೂ ಎಷ್ಟು ನಾಜೂಕು, ಒಂದು ನಾರೂ ಉಳಿದಿರಲಿಲ್ಲ.

ನನಗೊಂದು ವಿಚಿತ್ರ. ಲೆಕ್ಕ ಹೊಂದಬಾರದೆಂದು ಬಯಸುವವಳು ನಾನು. ಯಾಕೆ ಹೊಂದುತ್ತಿಲ್ಲ ಎಂದು ಹುಡುಕುತ್ತಿರುವವಳೂ ನಾನೇ. ಕುತೂಹಲಕ್ಕೆ ಬುದ್ಧಿ ಇಲ್ಲ.

ಏಪ್ರಿಲ್ 10, ಗುರುವಾರ

ಹದಿನೇಳು ಬಂದಿದ್ದರು. ಅರ್ಧ ಸ್ಯಾಂಪಲ್ ಕೊಡುವಷ್ಟರಲ್ಲಿ ಕೆಮ್ಮು ತಡೆಯಲಾರದೆ ನಿಲ್ಲಿಸಬೇಕಾಯಿತಂತೆ. ಉಸಿರು ಸರಾಗ ಮಾಡುವ ಔಷಧ ಕೊಟ್ಟು, ಒಂದು ಗಂಟೆ ಕೂರಿಸಿಕೊಂಡು ಮನೆಗೆ ಕಳಿಸಿದ್ದಾರೆ. ಇದ್ದ ಚೂರಿನಲ್ಲೇ ತುಣುಕು ಹೆಕ್ಕಿ ಎಣಿಸಿದೆ. ಇಪ್ಪತ್ತೆರಡು. ಯಂತ್ರ ಎರಡೂವರೆ.

ಹಲಗೆಯ ಮೇಲೆ ಈ ಸಲ ಸಣ್ಣದಾಗಿ ಬರೆದೆ.

ನರ್ಸನ್ನು ಕೇಳಿದೆ, ಹೇಗಿದ್ದಾರೆ ಅವರು ಎಂದು. ಕೇಳಬಾರದು, ನಿಯಮ ಗೊತ್ತಿದೆ. ಅವರು ಅತ್ತಿತ್ತ ನೋಡಿ ಹೇಳಿದರು: "ಮೆಟ್ಟಿಲ ಮೇಲೆ ಎರಡು ಸಲ ಕೂತ್ಕೋತಾರೆ ಪಾಪ. ಯಾರಾದ್ರೂ ಬಂದ್ರೆ ಶೂ ಲೇಸ್ ಕಟ್ಟೋ ಹಾಗೆ ಮಾಡ್ತಾರೆ. ಇವತ್ತು ಹಾಕ್ಕೊಂಡಿದ್ದು ಚಪ್ಪಲಿ."

ಡಾಕ್ಟರಮ್ಮನ ಬಳಿ ಹೋಗಿ, ಅವರ ಔಷಧ ವಾಪಸ್ ಹೆಚ್ಚಿಸಿ ಎಂದೆ. ಅವರಿಗೂ ಕಸಿವಿಸಿ ಇತ್ತು. "ಬರೀ ಕೆಮ್ಮು ಅಂತ ಯೋಜನೆ ಮುರಿಯೋಕಾಗಲ್ಲ. ಅಂಕಿ ಸುಳ್ಳು ಅಂತ ಕಾರಣ ಕೊಡಿ, ಈಗಲೇ ಹೆಚ್ಚಿಸ್ತೀನಿ. ಇಲ್ಲದಿದ್ರೆ ಮೇ ಎಂಟಕ್ಕೆ ಮತ್ತೆ ನೋಡೋದು, ಆಗಲೂ ಕಡಿಮೆ ಬಂದ್ರೆ ಪೂರ್ತಿ ನಿಲ್ಲಿಸಬೇಕು ಅಂತಿದೆ" ಎಂದರು. ಕೊನೆಗೆ ನಮ್ಮಿಬ್ಬರಿಗೂ ಒಂದು ಕೆಲಸ ಹಚ್ಚಿದರು. ಸ್ಯಾಂಪಲ್ ಕೈಗೆ ಬಂದಾಗಿನಿಂದ ಏನೇನು ಮಾಡುತ್ತೇವೆ, ಒಂದು ಹೆಜ್ಜೆಯನ್ನೂ ಬಿಡದೆ ಬರೆದು ಕೊಡಬೇಕು.

ಏಪ್ರಿಲ್ 14, ಸೋಮವಾರ

ನಾಳೆ ಕೊಡಬೇಕು. ಮೊದಲು ಇಲ್ಲಿ ಕರಡು ಬರೆದುಕೊಳ್ಳುತ್ತೇನೆ.

ಐಸ್ ಡಬ್ಬಿಯಿಂದ ಸ್ಯಾಂಪಲ್ ತೆಗೆದು ನಂಬರು ನೋಡುವುದು. ಕಪ್ಪು ತಟ್ಟೆಗೆ ಸುರಿಯುವುದು. ಕಪ್ಪು ಯಾಕೆಂದರೆ ಬಿಳಿ ತುಣುಕು ಎದ್ದು ಕಾಣುತ್ತದೆ. ಗಟ್ಟಿ ತುಣುಕುಗಳನ್ನು ಚಿಮುಟದಿಂದ ಹೆಕ್ಕಿ ನನ್ನ ಕೊಳವೆಗೆ ಹಾಕುವುದು. ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ ಹೇಳಿಕೊಟ್ಟದ್ದು ಇದನ್ನು: ತೆಳುವಾದದ್ದು ಬಾಯಿಯ ಎಂಜಲು, ಶ್ವಾಸನಾಳದ ಸುದ್ದಿ ಇರುವುದು ಗಟ್ಟಿಯದರಲ್ಲಿ. ಕೆಂಪು ಕಾಳಿನವು ಅದರಲ್ಲೇ ಅಂಟಿಕೊಂಡಿರುತ್ತವೆ. ಆಮೇಲೆ ಕರಗಿಸುವ ದ್ರಾವಣ ಹಾಕುವುದು. ಉಳಿದದ್ದನ್ನು ಯಂತ್ರಕ್ಕೆ ಕೊಡುವುದು.

ಉಳಿದದ್ದನ್ನು.

ಮೊದಲೆಲ್ಲ ಉಳಿದದ್ದನ್ನು ಚೆಲ್ಲುತ್ತಿದ್ದೆ. ಎಣಿಸುವವಳು ನಾನೊಬ್ಬಳೇ ಇದ್ದೆ.

ಏಪ್ರಿಲ್ 15, ಮಂಗಳವಾರ

ಮೈಗೆ ಹುಷಾರಿಲ್ಲವೆಂದು ರಜೆ ಹಾಕಿದೆ. ಮೈಗೇನೂ ಆಗಿಲ್ಲ.

ಏಪ್ರಿಲ್ 16, ಬುಧವಾರ

ಒಂಬತ್ತನೆಯ ನಂಬರಿನ ಸ್ಯಾಂಪಲ್ ಬಂದಿತ್ತು, ಅದರಲ್ಲೂ ಗಟ್ಟಿ ತುಣುಕುಗಳು ಇರುತ್ತವೆ. ಏನನ್ನೂ ಹೆಕ್ಕಲಿಲ್ಲ. ಎಲ್ಲವನ್ನೂ ಒಟ್ಟಿಗೆ ಕರಗಿಸಿ, ಚೆನ್ನಾಗಿ ಕಲಸಿ, ಸರಿಯಾಗಿ ಅರ್ಧ ಮಾಡಿ ಕೊಟ್ಟೆ. ಪಂಡಿತರಿಗೆ ಹೇಳಲಿಲ್ಲ. ನನ್ನದು ಆರು. ಸಂಜೆ ಅವರು ಓಡಿ ಬಂದು, "ಮೇಡಂ, ನನ್ನದು ಆರು ಬಂತು!" ಎಂದರು. ಅವರ ಮುಖ ನೋಡಲಾಗಲಿಲ್ಲ. ಹೋದ ತಿಂಗಳು ಇದೇ ಒಂಬತ್ತಕ್ಕೆ ನನ್ನದು ಏಳು, ಅವರದ್ದು ಮೂರು.

ಎರಡು ತಿಂಗಳಿಂದ ನಾನು ಕೆನೆ ತೆಗೆದುಕೊಂಡು ಅವರಿಗೆ ನೀರು ಹಾಲು ಕೊಟ್ಟಿದ್ದೇನೆ. ಹಾಲು ತೆಳ್ಳಗಿದೆ ಎಂದು ಆಮೇಲೆ ಅವರನ್ನೇ ಆಡಿಕೊಂಡಿದ್ದೇನೆ.

ಸುಮ್ಮನಿದ್ದರೂ ನಡೆಯುತ್ತದೆ. ಇನ್ನು ಮೇಲೆ ಕಲಸಿ ಕೊಟ್ಟರಾಯಿತು, ಯಂತ್ರ ತಾನಾಗಿ ಸರಿಹೋಯಿತು ಎಂದುಕೊಳ್ಳುತ್ತಾರೆ. ಆದರೆ ಹದಿನೇಳು ಬರುವುದು ಮೇ ಎಂಟಕ್ಕೆ. ಅಲ್ಲಿಯವರೆಗೆ ಮೂರು ವಾರ ಅರ್ಧ ಔಷಧದಲ್ಲೇ ಉಸಿರಾಡಬೇಕು. ಇಪ್ಪತ್ತೆರಡು ಎಂದರೆ ಏನೆಂದು ನನಗೆ ಗೊತ್ತು. ಆ ಸ್ಥಿತಿಯಲ್ಲಿ ಒಂದು ನೆಗಡಿ ಸಾಕು, ಆಸ್ಪತ್ರೆ ಸೇರಿಸಲು. ಸೇರಿದವರೆಲ್ಲ ಮನೆಗೆ ಹೋಗುವುದಿಲ್ಲ.

ಹೇಳಿದರೆ, ಸರಿಯಾಗಿ ಹಂಚಿದಾಗ ಎರಡು ಲೆಕ್ಕವೂ ಹೊಂದುತ್ತದೆ ಎಂದು ನಾನೇ ತೋರಿಸಿಕೊಟ್ಟ ಹಾಗೆ. ಅಲ್ಲಿಗೆ ನನ್ನ ಎಣಿಸುವ ಮೇಜು ಹೋಯಿತು. ಅಕ್ಕನಿಗೆ ಹೇಳಿದೆ, ಊಟದ ಹೊತ್ತಿಗೇ. ಅವಳು ಬೈಯಲಿಲ್ಲ. "ತೋಳು ತಪ್ಪು ಹೊಲಿದ್ರೆ ಬಿಚ್ಚಲೇಬೇಕು ಕಣೇ. ಹಾಕ್ಕೊಂಡವರಿಗೆ ಕೈ ಎತ್ತೋಕಾಗಲ್ವಲ್ಲ" ಎಂದಳು.

ಏಪ್ರಿಲ್ 17, ಗುರುವಾರ

ಬೆಳಗ್ಗೆ ಎಂಟೂವರೆಗೆ ಡಾಕ್ಟರಮ್ಮನ ಕೋಣೆಗೆ ಹೋಗಿ ಹೇಳಿದೆ. ಪಂಡಿತರನ್ನೂ ಕರೆಸಿಕೊಳ್ಳಿ ಎಂದೆ, ಅವರ ಬೆನ್ನ ಹಿಂದೆ ಬೇಡ ಅನ್ನಿಸಿತು. ಏನನ್ನೂ ಬಿಡದೆ ಪೂರ್ತಿ ಹೇಳಿದೆ.

ಡಾಕ್ಟರಮ್ಮ ಮೊದಲು ಫೋನ್ ಎತ್ತಿಕೊಂಡರು. ನನ್ನ ಎದುರಿಗೇ ನರ್ಸಿಗೆ ಹೇಳಿದರು: "ಹದಿನೇಳಕ್ಕೆ ಈಗಲೇ ಕಾಲ್ ಮಾಡಿ. ಇವತ್ತಿಂದಲೇ ಪೂರ್ತಿ ಔಷಧ. ಗಟ್ಟಿ ಕಫ ಬರೋರು ಇನ್ನಿಬ್ಬರಿದ್ದಾರೆ, ಒಂಬತ್ತು ಮತ್ತೆ ನಾಲ್ಕು, ಅವರನ್ನೂ ಕರೆಸಿ. ಏನಾಯ್ತು ಅಂತ ಮೂವರಿಗೂ ನಾನೇ ಹೇಳ್ತೀನಿ." ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮ ಸ್ಲೈಡು ಸರಿ ಇತ್ತು. ಇವರ ಯಂತ್ರವೂ ಸರಿ ಇತ್ತು. ಹಂಚಿದ್ದು ತಪ್ಪು. ಅದು ನಾನು ಮೊದಲೇ ಕೇಳಬೇಕಿದ್ದ ಪ್ರಶ್ನೆ. ಆದ್ರೂ ವರದಿಯಲ್ಲಿ ಬರೀಲೇಬೇಕು."

"ಬರೀರಿ" ಎಂದೆ.

ಹೊರಗೆ ಬಂದ ಮೇಲೆ ಪಂಡಿತರು ಧೂಳೇ ಇಲ್ಲದ ಯಂತ್ರವನ್ನು ಒರೆಸತೊಡಗಿದರು. ಕೋಪ ಬಂದಿರಬೇಕು, ಬರಲೇಬೇಕು. ಕೊನೆಗೆ ಕೇಳಿದ್ದು ಇಷ್ಟು: "ಗಟ್ಟಿ ತುಣುಕು ಯಾವುದು ಅಂತ ನೀವು ಹೇಗೆ ಗುರುತು ಹಿಡೀತೀರಿ ಮೇಡಂ? ನನಗೆ ಎಲ್ಲಾ ಒಂದೇ ಥರ ಕಾಣುತ್ತೆ." ತಟ್ಟೆ ತೆಗೆದುಕೊಂಡು ಬಂದು ತೋರಿಸಿದೆ. ಚಿಮುಟದ ತುದಿಯಿಂದ ಎತ್ತಿದಾಗ ಎಳೆಯಂತೆ ಹಿಂದೆಯೇ ಬರಬೇಕು, ಹರಿದು ಬೀಳಬಾರದು ಎಂದೆ. ಅವರು ಬರೆದುಕೊಂಡರು.

ಮೇ 8, ಗುರುವಾರ

ಈಗ ಸ್ಯಾಂಪಲ್ ಹಂಚುವವರು ಪಂಡಿತರು, ಕಲಸಿ, ಅರ್ಧ ಮಾಡಿ. ಹದಿನೇಳು ಬಂದಿದ್ದರು. ನನ್ನದು ಎಂಟು, ಅವರದ್ದು ಎಂಟು. ಇಳಿಯುತ್ತಿದೆ. ಕೆರಳಿದ ಗುರುತೂ ಕಡಿಮೆ ಆಗಿದೆ ಎಂದು ಪಂಡಿತರು ಪರದೆಯಲ್ಲಿ ತೋರಿಸಿದರು. ಮೇಲಿನ ಚುಕ್ಕೆಗಳ ಗುಂಪು ಕೆಳಗಿಳಿದು ಕೂತಿದೆ. ಬಹಳ ಹೊತ್ತು ನೋಡಿದೆವು.

ಸ್ಟೋರಿನ ಆದೇಶ ಬಂತು. ಜೂನ್ ಒಂಬತ್ತರಿಂದ.

ಜೂನ್ 5, ಗುರುವಾರ

ಎಣಿಸುವ ಮೇಜಿನಲ್ಲಿ ನನ್ನ ಕೊನೆಯ ವಾರ. ಕೊನೆಯ ಸ್ಯಾಂಪಲ್ಲುಗಳಲ್ಲಿ ಹದಿನೇಳರದ್ದೂ ಇತ್ತು, ತೆಳ್ಳಗೆ. ನಾನೂರರಲ್ಲಿ ಕೆಂಪು ಕಾಳಿನವು ನಾಲ್ಕು. ನಂಬಿಕೆ ಬರದೆ ಇನ್ನೂ ನಾನೂರು ಎಣಿಸಿದೆ, ಯಾರೂ ಕೇಳದಿದ್ದರೂ. ಅದರಲ್ಲೂ ನಾಲ್ಕು. ನೂರಕ್ಕೆ ಒಂದು.

"ಎಷ್ಟು ಮೇಡಂ?" ಎಂದು ಪಂಡಿತರು ಬಂದರು. ನೀವು ಮೊದಲು ಹೇಳಿ ಎಂದೆ. ಒಂದು ಎಂದರು. ನಾನು ಎರಡೂ ಕೈಯಿಂದ ಮೇಜು ಹಿಡಿದುಕೊಂಡು ನಕ್ಕೆ. ಸೋತಾಗ ಇಷ್ಟು ಖುಷಿ ಆಗಬಹುದೆಂದು ನನಗೆ ಯಾರೂ ಹೇಳಿರಲಿಲ್ಲ.

ಸಂಜೆ ನರ್ಸ್ ಖಾಲಿ ಡಬ್ಬಿ ಒಯ್ಯಲು ಬಂದವರು ಬಾಗಿಲಲ್ಲೇ ನಿಂತರು. "ಹದಿನೇಳು ಕೇಳ್ತಿದ್ರು, ಕೆಳಗಡೆ ಎಣಿಸೋರು ಯಾರು ಅಂತ."

ಕೈಯಲ್ಲಿದ್ದ ಸ್ಲೈಡು ಕೆಳಗಿಟ್ಟೆ. "ಕೋಪದಿಂದ್ಲಾ?"

"ಅಯ್ಯೋ, ಇಲ್ಲ. ತಪ್ಪಾಗಿದೆ ಅಂತ ತಾವಾಗೇ ಹೇಳಿದ್ರಂತಲ್ಲ, ಅವರು ಯಾರು ಅಂದ್ರು. ಹೆಸರು ಹೇಳೋ ಹಾಗಿಲ್ಲ ಅಂದೆ. ಹಾಗಾದ್ರೆ ನಂಬರಾದ್ರೂ ಹೇಳಿ, ನನಗೊಂದು ಇದೆಯಲ್ಲ, ಅವರಿಗೂ ಒಂದು ಇರಬೇಕಲ್ಲ ಅಂತಾರೆ."

ನನಗೆ ನಂಬರು ಇಲ್ಲ. ನಲವತ್ತು ಜನರಿಗೆ ನಲವತ್ತು ಕೊಟ್ಟಾಗಿದೆ.

"ನಲವತ್ತೊಂದು ಅಂತ ಹೇಳಿ" ಎಂದೆ.

ನರ್ಸ್ ಹೋದ ಮೇಲೆ ಕುರ್ಚಿ ಎಳೆದುಕೊಂಡು ಕೂತೆ. ಕಣ್ಣು ಮಂಜಾಗಿ ಸ್ಲೈಡು ಕಾಣಲಿಲ್ಲ. ಒರೆಸಿಕೊಂಡು, ಪೆಟ್ಟಿಗೆಯಲ್ಲಿ ಹದಿನೇಳರ ಖಾನೆ ಹುಡುಕಿ ಇಟ್ಟು ಬಂದೆ.